ಕಾಗದ ಹಾಸಿದ ಮೇಜು, ಕರಿಹಲಗೆ ಮೆನು: ಫ್ರಾನ್ಸಿನ ಪುಟ್ಟ ಹೋಟೆಲುಗಳ ಊಟ ಇಷ್ಟು ಚೆನ್ನಾಗಿರೋದು ಹೇಗೆ?

ಬೆಣ್ಣೆಗುಳ್ಳ
ಕಂಪನಿ ಕೆಲಸದ ಮೇಲೆ ಲಿಯೋನ್‌ನಲ್ಲಿದ್ದೀನಿ. ಫ್ರೆಂಚ್ ಊಟ ಅಂದ್ರೆ ಅಗಲವಾದ ತಟ್ಟೆ, ನಡುವೆ ಒಂದೇ ತುತ್ತು, ಕೊನೆಗೆ ಬೆವರಿಳಿಸೋ ಬಿಲ್ಲು ಅನ್ನೋದು ನಮ್ಮಲ್ಲಿ ಎಲ್ಲರ ತಲೇಲೂ ಇರತ್ತಲ್ಲ. ಇಲ್ಲಿನ ಆಫೀಸಿನವರು ಮಧ್ಯಾಹ್ನ ಕರ್ಕೊಂಡು ಹೋಗೋದು ಬುಶೋಂ ಅನ್ನೋ ಹೋಟೆಲುಗಳಿಗೆ. ಕೆಂಪು ಚೌಕಳಿ ಬಟ್ಟೆ, ಮೊಣಕೈಗೆ ಮೊಣಕೈ ತಾಗೋಷ್ಟು ಒತ್ತೊತ್ತು ಮೇಜುಗಳು, ಗೋಡೆ ಮೇಲೆ ಹಳೇ ತಾಮ್ರದ ಪಾತ್ರೆ. ಬಡಿಸೋ ಹೆಂಗಸು ನಗೋದೂ ಇಲ್ಲ, ಬೈಯೋದೂ ಇಲ್ಲ, ತಟ್ಟೆ ತಂದು ಕುಕ್ಕಿ ಹೋಗ್ತಾಳೆ.

ಮೊನ್ನೆ ಕೆನೆಲ್ ತಿಂದೆ. ಪೈಕ್ ಅನ್ನೋ ಹೊಳೆಮೀನನ್ನ ನುಣ್ಣಗೆ ಅರೆದು, ಹಿಟ್ಟು, ಮೊಟ್ಟೆ, ಬೆಣ್ಣೆ ಸೇರಿಸಿ ಉದ್ದುದ್ದ ಉಂಡೆ ಮಾಡಿ, ಸಿಗಡಿ ಜಾತಿಯ ಸಿಹಿನೀರಿನ ಜೀವಿಯ ಸಾಸ್‌ನಲ್ಲಿ ಮುಳುಗಿಸಿ ಓವನ್‌ಗೆ ಇಡ್ತಾರೆ. ಮಣ್ಣಿನ ತಟ್ಟೆಯಲ್ಲಿ ಕುದೀತಾ ಊದಿಕೊಂಡು ಬಂತು. ಚಮಚ ಚುಚ್ಚಿದ್ರೆ ಉಸ್ಸಂತ ಇಳೀತು. ಒಳಗೆ ಬರೀ ಗಾಳಿ, ಬೆಣ್ಣೆ, ಮೀನಿನ ವಾಸನೆ. ಮೂರು ಐಟಂ ಊಟಕ್ಕೆ ಇಪ್ಪತ್ತು-ಇಪ್ಪತ್ತೈದು ಯೂರೋ.

ಪ್ರಶ್ನೆ ಎರಡು. ಒಂದು, ಯಾವ ಆಡಂಬರವೂ ಇಲ್ಲದ ಜಾಗದಲ್ಲಿ ಈ ಮಟ್ಟದ ಅಡುಗೆ ಹೇಗೆ ಕಟ್ಟುತ್ತೆ? ಎರಡು, ಮುಂದಿನ ತಿಂಗಳು ಅಪ್ಪ ಅಮ್ಮ ಬರ್ತಿದಾರೆ, ಪಕ್ಕಾ ಸಸ್ಯಾಹಾರಿಗಳು. ಅವರನ್ನ ಇಂಥ ಕಡೆ ಕರ್ಕೊಂಡು ಹೋಗಬಹುದಾ?

ಮೊಸರನ್ನ_ಮಾಧವ
ಇಪ್ಪತ್ತೈದು ಯೂರೋ ಅಂದ್ರೆ ಎರಡು ಸಾವಿರ ರೂಪಾಯಿ ಮೇಲಾಯ್ತು ಗುರು. ಇದು "ಆಡಂಬರ ಇಲ್ಲದ" ಊಟನಾ?

ಬೆಣ್ಣೆಗುಳ್ಳ
@ಮೊಸರನ್ನ ರೂಪಾಯಿಗೆ ತಿರುಗಿಸಿದ್ರೆ ಈ ದೇಶದಲ್ಲಿ ನೀರೂ ಕುಡಿಯಕ್ಕಾಗಲ್ಲ.

ಗ್ರೆನೋಬಲ್_ಗೌಡ
ನೀರು ಫ್ರೀ ಸ್ವಾಮಿ 😀 "ಕರಾಫ್ ದೋ" ಅಂದ್ರೆ ಜಗ್ಗಿನಲ್ಲಿ ನಲ್ಲಿ ನೀರು ತಂದಿಡ್ತಾರೆ. ಊಟದ ಜೊತೆ ಬ್ರೆಡ್ಡಿಗೂ ದುಡ್ಡಿಲ್ಲ. ಸರ್ವಿಸ್ ಚಾರ್ಜು ಮೆನು ಬೆಲೆಯಲ್ಲೇ ಸೇರಿರತ್ತೆ, ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ಬಾಟಲಿ ನೀರು ಕೇಳಿದ್ರೆ ಮಾತ್ರ ಬರೆ.

ಮೊದಲನೇ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ಓದುವಾಗ ಇಲ್ಲಿ ಒಂದು ಪುಟ್ಟ ಹೋಟೆಲಲ್ಲಿ ಪಾತ್ರೆ ತೊಳೀತಿದ್ದೆ. ಒಳಗೆ ಇದ್ದವರು ಮೂರೇ ಜನ: ಅಡುಗೆ ಮಾಡೋ ಯಜಮಾನ, ಬಡಿಸೋ ಅವರ ಹೆಂಡತಿ, ಸಿಂಕ್ ಮುಂದೆ ನಾನು. ಕರಿಹಲಗೆ ಮೇಲೆ ಆರಂಭಕ್ಕೆ ಮೂರು, ಮುಖ್ಯ ಊಟಕ್ಕೆ ಮೂರು, ಸಿಹಿಗೆ ಎರಡೋ ಮೂರೋ. ಅಷ್ಟೇ. ಐವತ್ತು ಐಟಂ ಮೆನು ಇಟ್ಟರೆ ಐವತ್ತಕ್ಕೂ ಸಾಮಾನು ತಂದಿಡಬೇಕು, ಅರ್ಧ ಕೊಳೆಯುತ್ತೆ, ಇಲ್ಲಾಂದ್ರೆ ಫ್ರೀಜರ್‌ಗೆ ಹೋಗುತ್ತೆ. ಮೂರೇ ಇದ್ರೆ ಬೆಳಗ್ಗೆ ತಂದಿದ್ದು ಮಧ್ಯಾಹ್ನ ಎರಡಕ್ಕೆ ಖಾಲಿ. ಖಾಲಿಯಾದ್ರೆ ಹಲಗೆ ಮೇಲೆ ಒರೆಸಿಬಿಡೋದು.

ಇನ್ನೊಂದು ಗುಟ್ಟು, ದುಬಾರಿ ಮಾಂಸ ಅವರು ಮುಟ್ಟೋದೇ ಕಡಿಮೆ. ಕೆನ್ನೆ, ಬಾಲ, ಭುಜ, ಮೊಣಕಾಲು. ಇವೆಲ್ಲ ಗಟ್ಟಿ, ಅಗ್ಗ. ಹಿಂದಿನ ರಾತ್ರಿ ವೈನು, ಈರುಳ್ಳಿ, ಕ್ಯಾರೆಟ್ ಜೊತೆ ಸಣ್ಣ ಉರೀಲಿ ಇಟ್ಟರೆ ಬೆಳಗ್ಗೆ ಹೊತ್ತಿಗೆ ಚಮಚದಲ್ಲೇ ತುಂಡಾಗುತ್ತೆ. ಆ ರಾತ್ರಿಗೆ ಸಂಬಳ ಕೊಡಬೇಕಿಲ್ಲ, ಪಾತ್ರೆ ತಾನೇ ಕೆಲಸ ಮಾಡುತ್ತೆ. ಮೂಳೆ ಎಸೆಯೋ ಪ್ರಶ್ನೆಯೇ ಇಲ್ಲ, ಅದರ ಸಾರು ಮರುದಿನದ ಸಾಸ್‌ಗೆ. ಗಟ್ಟಿಯಾದ ಬ್ರೆಡ್ಡು ಸೂಪಿಗೆ, ಪುಡ್ಡಿಂಗಿಗೆ. ದೊಡ್ಡ ಹೋಟೆಲಿನ ತಟ್ಟೆ ಬೆಲೆಯಲ್ಲಿ ಹತ್ತಾರು ಕೈಗಳ ಸಂಬಳ, ಹೂವಿನ ಅಲಂಕಾರ, ಇಸ್ತ್ರಿ ಬಟ್ಟೆ ಎಲ್ಲ ಸೇರಿರುತ್ತೆ. ಇಲ್ಲಿ ಆ ದುಡ್ಡೆಲ್ಲ ಬೆಣ್ಣೆಗೆ ಹೋಗುತ್ತೆ. ಬೆಣ್ಣೆ ವಿಷಯದಲ್ಲಿ ನಮ್ಮ ಯಜಮಾನ ಜಿಪುಣತನ ಮಾಡಿದ್ದು ನಾನು ನೋಡಿಲ್ಲ.

ಧಾರವಾಡ_ಪೇಡೆ
ಗೌಡ್ರ ಮಾತು ಖರೇ ಐತಿ. ಇದು ಇವತ್ತಿಂದಲ್ರೀ. ಪ್ಯಾರಿಸ್‌ನ್ಯಾಗ 1850ರ ದಶಕದಾಗ ದ್ಯುವಾಲ್ ಅನ್ನೋ ಕಟುಕ ಒಬ್ಬಾಂವ ಇದ್ದ. ಛಲೋ ಮಾಂಸ ಸಾಹುಕಾರ ಮಂದಿ ಒಯ್ತಿದ್ರು, ಉಳಿದ ತುಂಡು ಹಂಗ ಬೀಳ್ತಿದ್ವು. ಅಂವ ಅದನ್ನ ಸಾರು ಮಾಡಿ ಕೂಲಿ ಮಂದಿಗೆ ಕಡಿಮಿ ರೊಕ್ಕಕ್ಕ ಉಣಸಾಕ ಚಾಲೂ ಮಾಡಿದ. ಅದಕ್ಕ ಬುಯೋಂ, ಅಂದ್ರ ಸಾರು, ಅಂತ ಹೆಸರು ಬಂತು. ಮುಂದ 1896ರಾಗ ಶಾರ್ತಿಯೆ ಅಣ್ಣತಮ್ಮಂದಿರು ತಮ್ಮದು ತಗದ್ರು. ಅದು ಇನ್ನೂ ಐತ್ರಿ, ಫೊಬೋರ್ ಮೊಂಮಾರ್ತ್ರ್ ಬೀದ್ಯಾಗ. ಮುಂಗಡ ಬುಕ್ಕಿಂಗ್ ಇಲ್ಲ, ಸಾಲಾಗ ನಿಂದ್ರಬೇಕು. ಗುರುತು ಪರಿಚಯ ಇಲ್ಲದವ್ರ ಜೋಡಿ ಒಂದ ಮೇಜಿಗೆ ಕೂಡಸ್ತಾರ. ಕರಿ ವೇಸ್ಟ್‌ಕೋಟ್, ಬಿಳಿ ಏಪ್ರನ್ ಹಾಕ್ಕೊಂಡ ಮಾಣಿ ಆರ್ಡರ್ ತಗೊಂಡು ಮೇಜಿನ ಮ್ಯಾಲಿನ ಕಾಗದದಾಗ ಬರದ್ಬಿಡ್ತಾನ, ಕಡೀಕ ಅಲ್ಲೇ ಕೂಡಸಿ ಬಿಲ್ಲು. ಗ್ವಾಡಿಗೆ ಸಣ್ಣ ಸಣ್ಣ ಮರದ ಡ್ರಾ ಅದಾವ ನೋಡ್ರಿ, ದಿನಾ ಬರೋ ಗಿರಾಕಿಗಳು ತಮ್ಮ ಕೈವಸ್ತ್ರ ಇಟ್ಟು ಹೋಗ್ತಿದ್ರಂತ ಆಗ.

ಹರಟೆಮಲ್ಲಿ
ಶಾರ್ತಿಯೆ? ಅಲ್ಲಿ ಊಟ ಸಾಧಾರಣ ಕಣ್ರೀ. ಆ ಗಾಜಿನ ಚಾವಣಿ, ಹಿತ್ತಾಳೆ ಕಂಬಿಗಳು ಚೆಂದ, ಒಪ್ಪಿದೆ. ಆದ್ರೆ ಆಲೂಗಡ್ಡೆ ತಣ್ಣಗಿತ್ತು. ಹಳೇದು, ಅಗ್ಗ ಅಂದ ಮಾತ್ರಕ್ಕೆ ಅದ್ಭುತ ಅನ್ನೋದು ನಮ್ಮವರ ಚಾಳಿ.

ಧಾರವಾಡ_ಪೇಡೆ
ತಾಯಿ, ಎರಡೂವರಿ ಯೂರೋದ ಆಸುಪಾಸು ತತ್ತಿ ಮಯೊನೀಸ್ ಕೊಡ್ತಾರ. ಆ ರೊಕ್ಕಕ್ಕ ಬ್ಯಾರೆ ಕಡೆ ಕಾಫೀನೂ ಬರಂಗಿಲ್ಲ. ಅದ್ಭುತ ಅಂತ ನಾ ಎಲ್ಲಿ ಅಂದೆ?

ಸಾಸಿವೆಕಾಳು
ಮೊಟ್ಟೆ ಮಯೊನೀಸ್ ವಿಷಯ ಬಂತಲ್ಲ, ಹೇಳಲೇಬೇಕು. ಬೇಯಿಸಿದ ಮೊಟ್ಟೆ ಮೇಲೆ ಮಯೊನೀಸ್ ಹಾಕಿ ಕೊಡೋ ಈ ಐಟಂ ಕಾಪಾಡೋಕೆ ಫ್ರಾನ್ಸಲ್ಲಿ ಒಂದು ಸಂಘವೇ ಇದೆ! ಕ್ಲೋದ್ ಲೆಬೆ ಅನ್ನೋ ಆಹಾರ ವಿಮರ್ಶಕ ಶುರು ಮಾಡಿದ್ದು. ವರ್ಲ್ಡ್ ಚಾಂಪಿಯನ್‌ಶಿಪ್ ಕೂಡ ನಡೆಸ್ತಾರೆ. ಹಳದಿ ಎಷ್ಟು ಬೆಂದಿದೆ, ಮಯೊನೀಸಲ್ಲಿ ಸಾಸಿವೆ ಎಷ್ಟು, ಮೊಟ್ಟೆಯನ್ನ ಪೂರ್ತಿ ಮುಚ್ಚಿದೆಯಾ ಅಂತೆಲ್ಲ ನೋಡ್ತಾರಂತೆ. ನಗು ಬರತ್ತೆ, ಆದ್ರೆ ನನಗೆ ಇಷ್ಟ ಆಗೋದು ಇದೇ. ಬಡ ಐಟಂಗೂ ಮರ್ಯಾದೆ.

ಮೊಸರನ್ನ_ಮಾಧವ
ಬೇಯಿಸಿದ ಮೊಟ್ಟೆಗೆ ವಿಶ್ವಕಪ್ಪು. ನಾನು ಹೊರಟೆ.

ಲಿಯೋನ್_ಲಲಿತ
ಎಲ್ಲರೂ ಪ್ಯಾರಿಸ್ ಪ್ಯಾರಿಸ್ ಅಂತಿದೀರ, ಬೆಣ್ಣೆಗುಳ್ಳ ಕೇಳಿದ್ದು ಲಿಯೋನ್ ಬಗ್ಗೆ. ಮದುವೆಯಾಗಿ ಬಂದಾಗಿನಿಂದ ನಾನು ಇಲ್ಲೇ ಇದ್ದೀನಿ, ನಾಲ್ಕು ಮಾತು ಹೇಳ್ತೀನಿ.

ಈ ಊರಿನ ಅಡುಗೆ ಕಟ್ಟಿದ್ದು ಹೆಂಗಸರು. ಶ್ರೀಮಂತರ ಮನೇಲಿ ಅಡುಗೆ ಮಾಡ್ತಿದ್ದವರು ಕೆಲಸ ಬಿಟ್ಟೋ, ಕಳ್ಕೊಂಡೋ ತಮ್ಮದೇ ಸಣ್ಣ ಹೋಟೆಲು ತೆಗೆದ್ರು. ಅವರನ್ನ ಊರೆಲ್ಲ "ಮೇರ್" ಅಂತ, ಅಂದ್ರೆ ಅಮ್ಮ ಅಂತಲೇ ಕರೀತಿತ್ತು. ಮೇರ್ ಫಿಲ್ಯು ಅಂತ ಒಬ್ಬಾಕೆ, ಮೆನು ಬದಲಾಯಿಸ್ತಾನೇ ಇರಲಿಲ್ಲ. ಕೋಳಿಯ ಚರ್ಮದ ಕೆಳಗೆ ಟ್ರಫಲ್ ಅನ್ನೋ ದುಬಾರಿ ಅಣಬೆಯ ಬಿಲ್ಲೆ ಸಿಕ್ಕಿಸಿ ಬೇಯಿಸಿದ್ದು, ಅದನ್ನ ಗಿರಾಕಿಗಳ ಮುಂದೆ ತಾನೇ ಒಂದು ಸಣ್ಣ ಚಾಕುವಲ್ಲಿ ಕೊಯ್ದು ಹಂಚೋಳು. ಅವಳ ಹತ್ರ ಕಲಿತವಳು ಯೂಜೆನಿ ಬ್ರಾಜಿಯೆ. ಹಳ್ಳಿ ಹುಡುಗಿ, ತಾಯಿ ಬೇಗ ತೀರಿಕೊಂಡಿದ್ಲು, ಮದುವೆಯಿಲ್ಲದೆ ಮಗು ಆಯ್ತು ಅಂತ ಮನೆಯಿಂದ ಹೊರಗೆ. 1921ರಲ್ಲಿ ರ್ಯೂ ರೊಯಾಲ್ ಬೀದೀಲಿ ಹೋಟೆಲು ತೆಗೆದ್ಲು. 1933ರಲ್ಲಿ ಅವಳ ಎರಡು ಹೋಟೆಲಿಗೂ ಹೋಟೆಲುಗಳಿಗೆ ಸ್ಟಾರ್ ಕೊಡೋ ಮಿಶೆಲಿನ್ ಗೈಡು ಮೂರು ಮೂರು ಸ್ಟಾರ್ ಕೊಟ್ಟಿತು, ಒಟ್ಟು ಆರು. ಅಲ್ಲಿಯವರೆಗೆ ಗಂಡಸರಿಗೂ ಸಿಕ್ಕಿರಲಿಲ್ಲ. ಎರಡನೇ ಹೋಟೆಲು ಗುಡ್ಡದ ಮೇಲೆ, ಆರಂಭದಲ್ಲಿ ಗ್ಯಾಸೂ ಇಲ್ಲ, ಕರೆಂಟೂ ಇಲ್ಲ. ಯುದ್ಧ ಮುಗಿದ ಮೇಲೆ ಅಲ್ಲಿಗೆ ಕೆಲಸಕ್ಕೆ ಬಂದ ಹುಡುಗ ಪಾಲ್ ಬೊಕ್ಯೂಸ್, ಮುಂದೆ ಜಗತ್ತಿಗೇ ಹೆಸರಾದ ಅಡುಗೆಯವನು. ಹಸು ಹಾಲು ಕರಿಯೋದು, ತೋಟ ನೋಡೋದು, ಬಟ್ಟೆ ಇಸ್ತ್ರಿ ಮಾಡೋದು ಎಲ್ಲ ಅವನ ಪಾಲಿಗೆ.

ಹಾಗಾಗಿ "ಸಾದಾ ಹೋಟೆಲಲ್ಲಿ ದೊಡ್ಡ ಅಡುಗೆ ಹೇಗೆ" ಅನ್ನೋ ಪ್ರಶ್ನೆಯೇ ತಿರುಗುಮುರುಗು. ಇಲ್ಲಿ ದೊಡ್ಡ ಅಡುಗೆ ಹುಟ್ಟಿದ್ದೇ ಸಾದಾ ಹೋಟೆಲಲ್ಲಿ. ಸ್ಟಾರು, ಬಿಳಿ ಟೋಪಿ ಆಮೇಲೆ ಬಂದವು.

ಹರಟೆಮಲ್ಲಿ
ಲಲಿತಕ್ಕ, ಅದು ನೂರು ವರ್ಷದ ಹಿಂದಿನ ಕಥೆ. ಈಗ ಏನಾಗಿದೆ ಹೇಳಿ? ಹಳೇ ಲಿಯೋನಿನ ಕಲ್ಲುಬೀದೀಲಿ ಹೆಜ್ಜೆಗೊಂದು "ನಿಜವಾದ ಬುಶೋಂ". ಎಲ್ಲ ಕಡೆ ಅದೇ ಚೌಕಳಿ ಬಟ್ಟೆ, ಅದೇ ತಾಮ್ರದ ಪಾತ್ರೆ, ಅದೇ ಹಂದಿ ಬೊಂಬೆ. ನಾವು ಒಂದಕ್ಕೆ ನುಗ್ಗಿದ್ವಿ, ಮೆನು ಆರು ಭಾಷೇಲಿ. ಕೆನೆಲ್ ಬಂತು, ಮೇಲೆ ಬಿಸಿ, ನಡುವೆ ಐಸು. ಮೈಕ್ರೋವೇವ್! ಸರಳತೆ ಅನ್ನೋದೇ ಈಗ ವೇಷ. ಅದಕ್ಕೂ ಟಿಕೆಟ್ ಇಟ್ಟಿದಾರೆ.

ಲಿಯೋನ್_ಲಲಿತ
ಆರು ಭಾಷೆ ಮೆನು ನೋಡಿದ ಮೇಲೂ ಒಳಗೆ ಕೂತ್ರಾ? 😄 ಈ ಕಾಟ ಇದೆ ಅಂತಲೇ 1997ರಲ್ಲಿ ಇಲ್ಲಿ ಬುಶೋಂಗಳನ್ನ ಕಾಪಾಡೋಕೆ ಸಂಘ ಆಯ್ತು. 2012ರಿಂದ ವಾಣಿಜ್ಯ ಮಂಡಳಿ "ಲೆ ಬುಶೋಂ ಲಿಯೊನೇ" ಅಂತ ಲೇಬಲ್ ಕೊಡ್ತಿದೆ. ಬಾಗಿಲಿನ ಹತ್ರ ಫಲಕ ಇರುತ್ತೆ, ಪರೀಕ್ಷೆ ಮಾಡಿಯೇ ಕೊಡೋದು. ಫಲಕ ಇಲ್ಲದ ಒಳ್ಳೇ ಜಾಗಗಳೂ ಇವೆ, ಅರ್ಜಿ ಹಾಕೋ ಗೋಜಿಗೇ ಹೋಗದ ಮುದುಕರು.

ಗ್ರೆನೋಬಲ್_ಗೌಡ
ಹರಟೆಮಲ್ಲಿ ಮೇಡಂ ಹೇಳಿದ್ದನ್ನ ತಳ್ಳಿಹಾಕೋ ಹಾಗಿಲ್ಲ. ನಿರ್ವಾತ ಪ್ಯಾಕೆಟ್ಟಲ್ಲಿ ಬೇಯಿಸಿದ ಮಾಂಸ, ಡಬ್ಬಿ ಸಾಸ್, ರೆಡಿ ಕೇಕು ಎಲ್ಲ ಲಾರೀಲಿ ಬರುತ್ತೆ. ಅಡುಗೆಯವನ ಕೆಲಸ ಕತ್ತರಿ ಹಿಡಿಯೋದು ಅಷ್ಟೇ. 2014ರಲ್ಲಿ ಸರ್ಕಾರ "ಫೆ ಮೆಜೋಂ" ಗುರುತು ತಂತು, ಬಾಣಲೆ ಮೇಲೆ ಮನೆ ಸೂರು ಇಟ್ಟ ಚಿತ್ರ. ಇಲ್ಲೇ ಕಚ್ಚಾ ಸಾಮಾನಿಂದ ಮಾಡಿದ್ದಕ್ಕೆ ಮಾತ್ರ ಹಾಕಬಹುದು.

ಹರಟೆಮಲ್ಲಿ
ಅದರಲ್ಲೂ ಫ್ರೀಜ್ ಮಾಡಿದ ಕಚ್ಚಾ ತರಕಾರಿ, ಮೀನಿಗೆ ಅವಕಾಶ ಇದೆ ಅಲ್ವಾ? ಅಂದ ಮೇಲೆ ಆ ಬಾಣಲೆ ಚಿತ್ರ ಏನು ಗ್ಯಾರಂಟಿ ಕೊಟ್ಟ ಹಾಗಾಯ್ತು?

ಗ್ರೆನೋಬಲ್_ಗೌಡ
ಇದೆ. ಅಡುಗೆ ಅಲ್ಲೇ ಆಗಿದೆ ಅನ್ನೋ ಗ್ಯಾರಂಟಿ, ರುಚಿಯ ಗ್ಯಾರಂಟಿ ಅಲ್ಲ. ನಾನಂತೂ ನೋಡೋದು ಹಲಗೆ. ಇವತ್ತಿನ ಐಟಂ ಕೈಯಲ್ಲಿ ಬರೆದಿದ್ರೆ, ಪಕ್ಕದ ಮೇಜಲ್ಲಿ ಪೇಂಟ್ ಮೆತ್ತಿದ ಪ್ಯಾಂಟಿನ ಕೆಲಸಗಾರರು ಕೂತಿದ್ರೆ, ಧೈರ್ಯವಾಗಿ ಒಳಗೆ ಹೋಗಿ.

ಕುಡ್ಲ_ಎಕ್ಸ್‌ಪ್ರೆಸ್
ಕೆಲಸಗಾರರ ಮಾತು ಬಂತಲ್ಲ, ಹೆದ್ದಾರಿ ಬಿಟ್ಟು ಹಳೇ ರಾಷ್ಟ್ರೀಯ ರಸ್ತೆ ಹಿಡಿದ್ರೆ ಕೆಂಪು-ನೀಲಿ ಗುಂಡು ಬೋರ್ಡು ಕಾಣ್ತದೆ, "ಲೆ ರೂತಿಯೆ" ಅಂತ. ಲಾರಿ ಡ್ರೈವರುಗಳ ಹೋಟೆಲು ಮಾರಾಯ್ರೆ. 1934ರಲ್ಲಿ ಶುರುವಾದ ಬಳಗ. ಹೊರಗೆ ಇಪ್ಪತ್ತು ಟನ್ ಗಾಡಿಗಳ ಸಾಲು ನೋಡಿ ನನ್ನ ಹೆಂಡ್ತಿ "ಇಲ್ಲಿ ಬೇಡ" ಅಂದ್ಲು. ಒಳಗೆ ಹೋದ್ರೆ ಎಂತ ವ್ಯವಸ್ಥೆ! ನಡುವೆ ಉದ್ದ ಮೇಜು, ಅದ್ರಲ್ಲಿ ತುರಿದ ಕ್ಯಾರೆಟ್, ಬೀಟ್‌ರೂಟ್, ಮೊಟ್ಟೆ, ಬೇಳೆ ಸಲಾಡು, ಪಾತೇ ಅನ್ನೋ ಅರೆದ ಮಾಂಸ, ಬೇಕಾದಷ್ಟು ಹಾಕ್ಕೊಳ್ಳಿ. ಆಮೇಲೆ ದಿನದ ಅಡುಗೆ, ಆಮೇಲೆ ಚೀಸಿನ ಹಲಗೆ, ಸಿಹಿ, ಕಾಫಿ. ಎಲ್ಲ ಸೇರಿ ಹದಿನೈದು ಯೂರೋ ಆಸುಪಾಸು. ಡ್ರೈವರುಗಳಿಗೆ ಸ್ನಾನಕ್ಕೆ ವ್ಯವಸ್ಥೆಯೂ ಉಂಟು. ಒಬ್ಬರೇ ಬಂದವರನ್ನ ಒಂದೇ ಮೇಜಲ್ಲಿ ಕೂರಿಸ್ತಾರೆ, ದಿನವಿಡೀ ಒಂಟಿಯಾಗಿ ಗಾಡಿ ಓಡಿಸಿದವರು ಮಾತಾಡ್ಲಿ ಅಂತ. ನನ್ನ ಹೆಂಡ್ತಿ ಈಗ ದಾರಿಯುದ್ದಕ್ಕೂ ಆ ಬೋರ್ಡೇ ಹುಡುಕ್ತಾಳೆ.

ಬೆಣ್ಣೆಗುಳ್ಳ
ಸೂಪರ್. ಆದ್ರೆ ಅಪ್ಪ ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡ್ತಿಲ್ಲ 🙏

ತಟ್ಟೆಇಡ್ಲಿ_ಬಿಡದಿ
ಬುಶೋಂಗೆ ಸಸ್ಯಾಹಾರಿಗಳನ್ನ ಕರ್ಕೊಂಡು ಹೋಗೋದಾ? ಬೇಡಪ್ಪಾ. ನಾನು ಮಾಂಸ ತಿನ್ನೋನು, ನನಗೇ ಆಂದುಯೆಟ್ ವಾಸನೆಗೆ ತಲೆ ಗಿರ್ ಅಂತು. ಹಂದಿ ಕರುಳನ್ನ ಕರುಳಲ್ಲೇ ತುಂಬಿರ್ತಾರೆ. ತಾಬ್ಲಿಯೆ ದ ಸಪರ್ ಮಾತ್ರ ಬೊಂಬಾಟ್. ಜಠರದ ತುಂಡನ್ನ ವೈನಲ್ಲಿ ನೆನೆಸಿ, ಬ್ರೆಡ್ ಪುಡಿ ಹೊರಳಿಸಿ ಕರೀತಾರೆ. ನಮ್ಮ ಮಿಲಿಟರಿ ಹೋಟೆಲಿನ ಬೋಟಿಗೆ ಕೋಟು ಹಾಕಿಸಿದ ಹಾಗೆ.

ಲಿಯೋನ್_ಲಲಿತ
ಬೆಣ್ಣೆಗುಳ್ಳ, ಕೇಳಿ. ಸಲಾಡ್ ಲಿಯೊನೇಸ್ ಅಂತ ಬರೀ ಸೊಪ್ಪಿನ ಹೆಸರು ನೋಡಿ ಆರ್ಡರ್ ಮಾಡಬೇಡಿ, ಅದರಲ್ಲಿ ಹಂದಿ ಕೊಬ್ಬಿನ ತುಂಡು ಇರುತ್ತೆ. ಈರುಳ್ಳಿ ಸೂಪು ಸಾಮಾನ್ಯವಾಗಿ ದನದ ಮೂಳೆ ಸಾರಲ್ಲಿ ಮಾಡಿದ್ದು. ಸುರಕ್ಷಿತ ಅಂದ್ರೆ ಸೆರ್ವೆಲ್ ದ ಕನ್ಯು. ಹೆಸರಿಗೆ ನೇಕಾರರ ಮಿದುಳು, ಇರೋದು ಮಾತ್ರ ಮೊಸರಿನಂಥ ಬಿಳಿ ಚೀಸಿಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಎಣ್ಣೆ, ವಿನೆಗರ್. ಕ್ರ್ವಾ-ರೂಸ್ ಗುಡ್ಡದ ರೇಷ್ಮೆ ನೇಕಾರರ ತಿಂಡಿ. ಬೇಯಿಸಿದ ಆಲೂಗಡ್ಡೆ ಜೊತೆ ನಮ್ಮತ್ತೆಗೆ ಎಷ್ಟು ಹಿಡಿಸಿತು ಅಂದ್ರೆ ಊರಿಗೆ ಹೋಗಿ ಗಟ್ಟಿ ಮೊಸರಲ್ಲಿ ಮಾಡ್ತಾರೆ.

ಶುದ್ಧ_ಶಾಖಾಹಾರಿ
ಆ ಬಿಳಿ ಚೀಸಿಗೂ ಹಾಲು ಗಟ್ಟಿ ಮಾಡೋ ರೆನೆಟ್ ಹಾಕಿರಬಹುದು ಅಕ್ಕ. ಕೋಂತೆ ತರಹದ ಸಾಂಪ್ರದಾಯಿಕ ಚೀಸುಗಳಿಗಂತೂ ಕರುವಿನ ಹೊಟ್ಟೆಯಿಂದ ತೆಗೆದದ್ದೇ. ಇದನ್ನ ಹಿರಿಯರಿಗೆ ಹೇಳದೇ ತಿನ್ನಿಸೋದು ಸರಿಯಲ್ಲ.

ತಟ್ಟೆಇಡ್ಲಿ_ಬಿಡದಿ
ಹೇಳಿದ್ರೆ ಅವರು ಮೂರು ವಾರ ಬರೀ ಬ್ರೆಡ್ಡು ತಿಂತಾರೆ.

ಶುದ್ಧ_ಶಾಖಾಹಾರಿ
ತಿನ್ನಲಿ. ತೀರ್ಮಾನ ಅವರದು.

ಬೆಣ್ಣೆಗುಳ್ಳ
ಹೇಳೇ ಹೇಳ್ತೀನಿ, ಅಮ್ಮ ಹೇಗೂ ಪ್ರತಿ ಪ್ಯಾಕೆಟ್ಟಿನ ಹಿಂಭಾಗ ಓದೋರು. ಚೀಸ್ ಇಲ್ಲದ್ದು ಏನಿದೆ?

ಗ್ರೆನೋಬಲ್_ಗೌಡ
ಗ್ರತಾಂ ದೋಫಿನ್ವಾ! ನಮ್ಮ ಕಡೆಯದ್ದು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ ಉಜ್ಜಿದ ತಟ್ಟೆ, ಸಣ್ಣ ಉರಿಯ ಓವನ್. ಅಸಲಿ ಕ್ರಮದಲ್ಲಿ ಚೀಸ್ ಹಾಕಲ್ಲ, ಹಾಕಿದ್ರೆ ಇಲ್ಲಿನ ಅಜ್ಜಿಯರು ಜಗಳಕ್ಕೆ ಬರ್ತಾರೆ. ಆದ್ರೂ ಕೇಳಿಯೇ ತಗೊಳ್ಳಿ, ಕೆಲವು ಹೋಟೆಲುಗಳಲ್ಲಿ ಮೇಲೆ ತುರಿದಿರ್ತಾರೆ. ಬೇಯಿಸಿದ ಲೀಕ್ ಸೊಪ್ಪಿಗೆ ಸಾಸಿವೆ-ವಿನೆಗರ್ ಹಾಕಿದ್ದು, ಮಸೂರ ಬೇಳೆ ಸಲಾಡ್, ಸಿಹಿಗೆ ಸೇಬಿನ ತಾರ್ತ್ ತತಾಂ. ಒಂದು ದಿನ ಮುಂಚೆ ಫೋನ್ ಮಾಡಿ ಹೇಳಿದ್ರೆ ಪುಟ್ಟ ಹೋಟೆಲಿನವರು ಏನಾದ್ರೂ ಮಾಡಿಕೊಡ್ತಾರೆ. ಮಧ್ಯಾಹ್ನ ಒಂದು ಗಂಟೆ ಗಲಾಟೇಲಿ ಹೋಗಿ "ಅದು ಬೇಡ, ಇದು ತೆಗೆದುಬಿಡಿ" ಅಂದ್ರೆ ಯಜಮಾನ ಒಳಗಿಂದ ಬೈಯೋದು ಹೊರಗೆ ಕೇಳಿಸುತ್ತೆ.

ತೂಲೂಸ್_ಗಿರಿ
ನಮ್ಮೂರ ಕಸುಲೆ ಬಗ್ಗೆ ಯಾರೂ ಎತ್ತಿಲ್ಲ! ಬಿಳಿ ಬೀನ್ಸು, ಬಾತುಕೋಳಿ ಕಾಲು, ಸಾಸೇಜು, ಮಣ್ಣಿನ ಬೋಗುಣಿ, ಗಂಟೆಗಟ್ಟಲೆ ಓವನ್. ಮೇಲೆ ಕಟ್ಟೋ ಗಟ್ಟಿ ಪದರವನ್ನ ಮತ್ತೆ ಮತ್ತೆ ಒಳಗೆ ಒತ್ತಬೇಕು. ಏರ್‌ಬಸ್ ಕೆಲಸಕ್ಕೆ ಬೆಂಗಳೂರಿಂದ ಬರೋ ಹುಡುಗರನ್ನ ಮೊದಲು ಇದಕ್ಕೇ ಕರ್ಕೊಂಡು ಹೋಗ್ತೀವಿ. ಮಧ್ಯಾಹ್ನದ ಮೀಟಿಂಗಲ್ಲಿ ಎಲ್ಲರೂ ತೂಕಡಿಸ್ತಾರೆ.

ಧಾರವಾಡ_ಪೇಡೆ
ಕಸುಲೆ ಕಾಸ್ತೆಲ್‌ನೊದಾರಿ ಊರಿಂದ್ರೀ, ತೂಲೂಸಿಂದಲ್ಲ.

ತೂಲೂಸ್_ಗಿರಿ
ಶುರುವಾಯ್ತು. ಕಾರ್ಕಸೋನ್‌ನವರೂ ಬರಲಿ, ಮೂರೂ ಊರಿನ ಜಗಳ ಇಲ್ಲೇ ಮುಗಿಸೋಣ.

ಸಾಸಿವೆಕಾಳು
ಬೆಂಗಳೂರಲ್ಲಿ ಇಂಥದ್ದು ಯಾಕಿಲ್ಲ ಅಂತ ನನ್ನ ಕೊರಗು. ಫ್ರೆಂಚ್ ಅಂತ ಬೋರ್ಡ್ ಹಾಕಿದ ತಕ್ಷಣ ಝೂಮರು, ವ್ಯಾಲೆ ಪಾರ್ಕಿಂಗು, ಹೂಕುಂಡ. ಪಾಂಡಿಚೇರಿಗೆ ಹೋದ್ರೂ ಹಳದಿ ಗೋಡೆ ಮುಂದೆ ಫೋಟೋ ಚೆನ್ನಾಗಿ ಬರುತ್ತೆ, ತಟ್ಟೇಲಿ ಪಾಸ್ತಾ.

ಹರಟೆಮಲ್ಲಿ
ಬರಲ್ಲ ಬಿಡಿ. ಅಲ್ಲಿ ಅಗ್ಗದ ಬೆಣ್ಣೆ, ಕೆನೆ, ವೈನು ಇಲ್ಲಿ ಆಮದು ಸಾಮಾನು. ಮೇಲೆ ಬಾಡಿಗೆ, ಲೈಸೆನ್ಸು. ಕೂಲಿಯವರ ಊಟ ಇಲ್ಲಿಗೆ ಬರೋ ಹೊತ್ತಿಗೆ ಸಾಹುಕಾರರ ಊಟ ಆಗಿರುತ್ತೆ. ಪಾಂಡಿಚೇರಿ ಕ್ರಿಯೋಲ್ ಅಡುಗೆ ನಿಜವಾಗಿ ಇರೋದು ಮನೆಗಳಲ್ಲಿ, ಹೋಟೆಲಲ್ಲಿ ಹುಡುಕಿದ್ರೆ ಹೇಗೆ ಸಿಗುತ್ತೆ?

ಕುಡ್ಲ_ಎಕ್ಸ್‌ಪ್ರೆಸ್
ಇಷ್ಟೊತ್ತಲ್ಲಿ ಇದೊಂದು ಮಾತು ನಾನು ಒಪ್ಪುವಂಥದ್ದು ಹೇಳಿದ್ರಿ ನೋಡಿ.

ಮೊಸರನ್ನ_ಮಾಧವ
ಹೊರಟೆ ಅಂದಿದ್ದೆ, ಇನ್ನೂ ಓದ್ತಾ ಇದ್ದೀನಿ. ವೈನ್ ಕುಡಿಯದೇ ಕೂತ್ರೆ ಮುಖ ಸಿಂಡರಿಸ್ತಾರಾ?

ಲಿಯೋನ್_ಲಲಿತ
ಇಲ್ಲ. ಕುಡಿಯೋರಿಗೆ "ಪೋ" ಅಂತ ದಪ್ಪ ತಳದ 46 ಸೆಂಟಿಲೀಟರ್ ಬಾಟಲಿ ಬರುತ್ತೆ, ಬೊಜೊಲೆಯೋ ಕೋತ್ ದ್ಯು ರೋನೋ ಅನ್ನೋ ಇಲ್ಲಿನ ವೈನು ತುಂಬಿಸಿ. ಕುಡಿಯದವರಿಗೆ ಜಗ್ಗು. ಮುಖ ಸಿಂಡರಿಸೋದು ತಡವಾಗಿ ಹೋದ್ರೆ ಮಾತ್ರ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ಒಳಗೆ ಕೂತುಬಿಡಿ, ಎರಡಕ್ಕೆ ಒಲೆ ಆರಿಸ್ತಾರೆ. ನಮ್ಮವರು ಎರಡೂವರೆಗೆ ಆರಾಮಾಗಿ ಬಂದು ಬಾಗಿಲು ಬಡೀತಾರೆ. ಬಹಳಷ್ಟು ಕಡೆ ಭಾನುವಾರ, ಸೋಮವಾರ ರಜ. ಒಳಗೆ ಕಾಲಿಟ್ಟ ಕೂಡಲೇ "ಬೊಂಜೂರ್" ಅನ್ನಬೇಕು, ಅನ್ನದೇ "ಟೇಬಲ್ ಫಾರ್ ಫೋರ್" ಅಂದ್ರೆ ಆ ದಿನದ ಸೇವೆ ನಿಮ್ಮ ಹಣೆಬರಹ.

ಬೆಣ್ಣೆಗುಳ್ಳ
ಲಲಿತಕ್ಕ, ಫೋನಲ್ಲಿ ನನ್ನ ಫ್ರೆಂಚ್ ಅವರಿಗೆ ಅರ್ಥ ಆಗಲ್ಲ. "ಮಾಂಸದ ಸಾರೂ ಬೇಡ" ಅನ್ನೋದನ್ನ ಹೇಗೆ ಹೇಳೋದು?

ಲಿಯೋನ್_ಲಲಿತ
"ಸಾಂ ವಿಯಾಂದ್, ಸಾಂ ಪುವಾಸೋಂ, ಸಾಂ ಬುಯೋಂ ದ ವಿಯಾಂದ್." ಮಾಂಸ ಇಲ್ಲ, ಮೀನು ಇಲ್ಲ, ಮಾಂಸದ ಸಾರು ಇಲ್ಲ. ಸುಮ್ಮನೆ ಮಾಂಸ ಬೇಡ ಅಂದ್ರೆ ಮೀನು ತಂದಿಡ್ತಾರೆ. ಫೋನಿಗಿಂತ ಹಿಂದಿನ ದಿನ ಮೂರು ಗಂಟೆ ಸುಮಾರಿಗೆ ನೀವೇ ಹೋಗಿ, ಆಗ ಅವರೂ ಉಂಡು ಬಾಗಿಲಲ್ಲಿ ಸಿಗರೇಟು ಸೇದ್ತಾ ನಿಂತಿರ್ತಾರೆ, ಪುರುಸೊತ್ತಾಗಿ ಕೇಳಿಸ್ಕೋತಾರೆ.

ಶುದ್ಧ_ಶಾಖಾಹಾರಿ
ರೆನೆಟ್‌ಗೆ "ಪ್ರೆಜ್ಯೂರ್" ಅಂತಾರೆ. ಅದನ್ನೂ ಸೇರಿಸಿ ಕೇಳಿ.

ತಟ್ಟೆಇಡ್ಲಿ_ಬಿಡದಿ
ಅದನ್ನೂ ಕೇಳಿದ್ರೆ ಯಜಮಾನ ಸಿಗರೇಟು ಬಿಸಾಕಿ ಒಳಗೆ ಹೋಗ್ತಾನೆ ಕಣ್ರೀ 😂